ಫೇಲಾದ ಬೋರಿಗೆ ಪೈಪು

ಊರ ಹಿಂದಿನ ಜಾಲಿಯನ್ನೆಲ್ಲ ಇದ್ದಿಲು ಸುಡುವವರು ಕಡಿದುಕೊಂಡು ಹೋದ ಮೇಲೆ ಕೊಂಡ್ಲಹಳ್ಳಿಯ ಆ ಓಣಿಯ ಹೆಂಗಸರಿಗೆ ಮರೆ ಅನ್ನುವುದೇ ಉಳಿಯಲಿಲ್ಲ. ಮೊದಲಾದರೆ ಬೆಳಕು ಹರಿಯುವ ಮುಂಚೆ ಚೊಂಬು ಹಿಡಿದು ಹೋಗಿ ಯಾರ ಕಣ್ಣಿಗೂ ಬೀಳದೆ ಬರಬಹುದಿತ್ತು. ಈಗ ಬಟಾಬಯಲು. ಪಕ್ಕದಲ್ಲೇ ಟಾರು ರಸ್ತೆ. ಲಾರಿಯ ಲೈಟು ಬಿದ್ದಾಗ ಕೂತವರು ಎದ್ದು ನಿಲ್ಲಬೇಕು, ಲಾರಿ ದಾಟಿದ ಮೇಲೆ ಮತ್ತೆ ಕೂರಬೇಕು.

ಸೂರಮ್ಮ ತನ್ನ ಮಟ್ಟಿಗೆ ಇದನ್ನು ಸಹಿಸಿಕೊಂಡಿದ್ದಳು. ಆದರೆ ಚಳ್ಳಕೆರೆಯಲ್ಲಿದ್ದ ಮಗಳು ಮಾಲಾ ಮೊದಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ತುಂಬಿದ ಹೊಟ್ಟೆಯ ಹುಡುಗಿಯನ್ನು ಲಾರಿ ಲೈಟಿನಲ್ಲಿ ಎಬ್ಬಿಸಿ ಕೂರಿಸುವುದು ಹೇಗೆ? ಸೂರಮ್ಮ ಗಂಡನ ಬೆನ್ನು ಬಿದ್ದಳು. ಗಂಡ ದೊಡ್ಡಪಾಲಯ್ಯ ಮಾತು ಕಮ್ಮಿಯ ಮನುಷ್ಯ. ಒಂದು ದಿನ ಏನೂ ಹೇಳದೆ ಇಟ್ಟಿಗೆ ತರಿಸಿ ಹಿತ್ತಲಲ್ಲಿ ಪಾಯಿಖಾನೆಯ ಗೋಡೆ ಎಬ್ಬಿಸಿದ. ಗೋಡೆ ಆಯಿತು, ಬಾಗಿಲಾಯಿತು. ಒಳಗೆ ಹೋದದ್ದು ಹೊರಗೆ ಎಲ್ಲಿಗೆ ಹೋಗಬೇಕು ಅನ್ನುವುದು ಮಾತ್ರ ಉಳಿಯಿತು.

ಊರಿನ ನರ್ಸಮ್ಮ ತಿಪ್ಪೇರುದ್ರಮ್ಮ ಒಬ್ಬ ಕಂಟ್ರಾಕ್ಟರನ್ನು ಕಳಿಸಿದಳು. ಜಂಬುಲಿಂಗಪ್ಪ ಅಂತ, ಮೊಳಕಾಲ್ಮುರಿನವನು. ಮೊಪೆಡ್ಡಿನ ಹಿಂದೆ ಹಾರೆ ಕಟ್ಟಿಕೊಂಡು ಬಂದ. ಮುಖದಲ್ಲಿ ನಗುವಿಲ್ಲ. ಬಂದವನೇ ಕುಡಿಯಲು ನೀರು ಕೇಳಿದ. ಸೂರಮ್ಮ ಕೊಟ್ಟ ನೀರನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದ.

"ಏಮಮ್ಮಾ, ಈ ನೀರು ಎಲ್ಲೀದು?"

"ಓಣಿ ಬೋರಿಂಗಿಂದು. ಯಾಕೆ, ರುಚಿ ಇಲ್ವಾ?"

ಅವನು ಚೊಂಬು ಕೆಳಗಿಟ್ಟ. ಓಣಿಗೆ ಹೋಗಿ ಕೈಪಂಪು ನೋಡಿದ. ಅಲ್ಲಿಂದ ಹಿತ್ತಲವರೆಗೆ ಹೆಜ್ಜೆ ಹಾಕಿ ಅಳೆದ. ಆಮೇಲೆ ಕೇಳತೊಡಗಿದ.

"ಮನೇಲಿ ಎಷ್ಟು ಜನ?"

"ಇಬ್ರು. ಮಗಳು ಬರ್ತಾಳೆ."

"ಹಬ್ಬಕ್ಕೆ, ದೇವ್ರ ಕಾರ್ಯಕ್ಕೆ ನೆಂಟರು ಬಂದ್ರೆ?"

"ಅದೆಲ್ಲ ನಿಮಗ್ಯಾಕ್ರೀ?"

"ಈ ಹಿತ್ತಲ ಗೇಟು ಪೂರ್ತಿ ತೆಗೀತದಾ? ಗಾಡಿ ಒಳಗೆ ಬರ್ತದಾ?"

ಸೂರಮ್ಮನ ಮೈಯೆಲ್ಲ ಕಿವಿಯಾಯಿತು. ಮನೆಯಲ್ಲಿ ಎಷ್ಟು ಜನ, ಗೇಟು ಎಷ್ಟು ತೆಗೆಯುತ್ತದೆ, ಗಾಡಿ ಒಳಗೆ ಬರುತ್ತದೆಯೇ. ಇದನ್ನೆಲ್ಲ ಕೇಳುವವರು ಬೇರೆಯೇ ಕಸುಬಿನವರು.

ಹಿತ್ತಲ ನಡುವೆ ಒಂದು ಚಪ್ಪಡಿ ಕಲ್ಲು ಬಿದ್ದಿತ್ತು. ಜಂಬುಲಿಂಗಪ್ಪ ಹಾರೆಯಿಂದ ಅದನ್ನು ತಟ್ಟಿದ. "ಇದೇನಿದು?"

"ಫೇಲಾದ ಬೋರು. ಕನಕಾಂಬರ ಹಾಕೋಣ ಅಂತ ಕೊರೆಸಿದ್ವಿ. ಬರೀ ಧೂಳು ಬಂತು."

"ಇದನ್ನ ಮೊದ್ಲು ಸರಿಯಾಗಿ ಮುಚ್ಚಿಸ್ರಿ. ಪಾಯಿಖಾನೆ ಟ್ಯಾಂಕು ಆ ಮೂಲೇಲಿ ಬರ್ತದೆ, ಬೋರಿಂಗಿಗೆ ದೂರ. ಅಲ್ಲಿ ನೆಲ ಗಟ್ಟಿ, ಒಡೀಬೇಕು. ನಾಕು ವಾರ ಹಿಡೀತದೆ."

ಅವನು ಹೋದ ಮೇಲೆ ಸೂರಮ್ಮ ಗಂಡನಿಗೆ ಅಂದಳು: "ಗುಂಡಿ ತೋಡೋಕೆ ಬಂದಿದ್ನೋ ಹೆಣ್ಣು ನೋಡೋಕೆ ಬಂದಿದ್ನೋ? ಜನ ಎಷ್ಟು, ಬಾಗ್ಲು ಎಷ್ಟು, ನೀರು ಎಲ್ಲೀದು, ಎಲ್ಲಾ ವಿಚಾರಿಸ್ದ. ಕಳ್ಳನೇ ಇರಬೇಕು. ಮೆತ್ತಗಿರೋ ಜಾಗ ಬಿಟ್ಟು ಗಟ್ಟಿ ಜಾಗ ತೋರಿಸ್ತಾನೆ, ಕೆಲಸ ಬೆಳೆಸೋಕೆ."

"ನರ್ಸಮ್ಮ ಕಳ್ಸಿರೋದು ಕಣೆ."

"ನರ್ಸಮ್ಮಂಗೆ ಅವನ ಕಡೆಯಿಂದ ಏನು ಸಿಗ್ತೈತೋ."

ದೊಡ್ಡಪಾಲಯ್ಯನಿಗೂ ನಾಲ್ಕು ವಾರ ಅನ್ನುವುದು ಸರಿಬರಲಿಲ್ಲ. ಅಷ್ಟರಲ್ಲಿ ಮಾಲಾ ಬಂದುಬಿಡುತ್ತಾಳೆ. ಅವನು ತನ್ನ ಅಕ್ಕನ ಮಗ ಗಂಗರಾಜುವಿಗೆ ಹೇಳಿ ಕಳಿಸಿದ.

ಗಂಗರಾಜು ಜೆಸಿಬಿ ಇಟ್ಟುಕೊಂಡು ಚಳ್ಳಕೆರೆ ಸುತ್ತಮುತ್ತ ಪಾಯ, ಗುಂಡಿ, ಚರಂಡಿಯ ಕೆಲಸ ಹಿಡಿಯುತ್ತಿದ್ದ. ಕಾರಿನಲ್ಲಿ ಬಂದ. ಬರುವಾಗ ಬೂಂದಿ, ಬಾಳೆಹಣ್ಣು ತಂದ. ಸೂರಮ್ಮ ನೀರಿನ ಚೊಂಬು ಮುಂದಿಟ್ಟಳು.

"ಇರ್ಲಿ ಅತ್ತೆ, ಗಾಡೀಲಿ ಬಾಟ್ಲಿ ಐತೆ."

ದುಡಿದು ಮೇಲೆ ಬಂದ ಹುಡುಗ, ಸ್ವಲ್ಪ ಠೀವಿ ಇರುತ್ತದೆ ಅಂದುಕೊಂಡು ಸೂರಮ್ಮ ಚೊಂಬನ್ನು ಒಳಗಿಟ್ಟಳು. ಗಂಗರಾಜು ಹಿತ್ತಲಿಗೆ ಬಂದ. ಏನನ್ನೂ ಕೇಳಲಿಲ್ಲ. ಚಪ್ಪಡಿಯನ್ನು ಕಾಲಲ್ಲಿ ಒದ್ದು ನಕ್ಕ.

"ಮಾವ, ಇಷ್ಟು ಆಳದ ಗುಂಡಿ ಮನೇಲೇ ಇಟ್ಕೊಂಡು ಇನ್ನೊಂದು ಗುಂಡಿ ತೋಡಿಸ್ತಾರಾ ಯಾರಾದ್ರೂ?"

"ಅಂದ್ರೆ?"

"ಪಾಯಿಖಾನೆಯಿಂದ ಇಲ್ಲಿಗೆ ಒಂದು ಕಾಲುವೆ. ಪೈಪು ತಂದು ಬೋರಿಗೆ ಬಿಡೋದು. ಮುಗೀತು. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬಲ್ಲ. ವಾಸನೆ ಇಲ್ಲ, ತೆಗೆಸೋ ತಾಪತ್ರಯ ಇಲ್ಲ. ಎರಡೇ ದಿನ. ನಮ್ಮ ಮಾಲಾ ಬಂದು ಬೀಗ ತೆಗೆದ್ರೆ ಆಯ್ತು."

ದೊಡ್ಡಪಾಲಯ್ಯನ ಮುಖ ಅರಳಿತು. ಆ ಬೋರು ಫೇಲಾದ ದಿನದಿಂದ ಅವನು ಆ ಚಪ್ಪಡಿಯ ಕಡೆ ನೋಡುತ್ತಿರಲಿಲ್ಲ. "ಅಂತೂ ಅದೂ ಒಂದು ಕೆಲಸಕ್ಕೆ ಬಂತಲ್ಲೋ" ಅಂದ. ನಾಡಿದ್ದು ಬೆಳಿಗ್ಗೆ ಕೆಲಸ ಶುರು ಅಂತ ಮಾತಾಯಿತು.

ಮಾರನೆಯ ದಿನ ಸೂರಮ್ಮ ಬೋರಿಂಗಿನ ಹತ್ತಿರ ಕೊಡ ತುಂಬುತ್ತಿದ್ದಾಗ ತಿಪ್ಪೇರುದ್ರಮ್ಮ ಅಲ್ಲಿಗೆ ಬಂದಳು. ಓಣಿಯ ಮನೆಗಳ ಭೇಟಿ ಮುಗಿಸಿ ಕೈ ತೊಳೆಯಲು ಬಂದಿದ್ದಳು. ಪಕ್ಕದ ಮನೆಯ ಮುದುಕಿ ಹುಚ್ಚಕ್ಕ ಕಟ್ಟೆಯ ಮೇಲೆ ಕೂತು ತನ್ನ ಸರದಿ ಕಾಯುತ್ತಿದ್ದಳು.

"ನರ್ಸಮ್ಮ, ಬೇಜಾರು ಮಾಡ್ಕೋಬೇಡಿ" ಅಂದಳು ಸೂರಮ್ಮ. "ಕೆಲಸ ನಮ್ಮ ಗಂಗರಾಜುಗೆ ಕೊಟ್ವಿ. ನಿಮ್ಮ ಮನುಷ್ಯ ಕಳ್ಳರ ಹಂಗೆ ಬಹಳ ಪ್ರಶ್ನೆ ಕೇಳ್ತಾನೆ."

"ನನಗ್ಯಾಕೆ ಬೇಜಾರು? ಆಸ್ಪತ್ರೆ ಕ್ವಾರ್ಟರ್ಸಿಗೆ ಚೆನ್ನಾಗಿ ಮಾಡಿದ್ದ ಅಂತ ಕಳ್ಸಿದೆ. ಟ್ಯಾಂಕು ಎಲ್ಲಿ ತೋಡಿಸ್ತೀರಿ?"

"ಟ್ಯಾಂಕೇ ಇಲ್ಲ. ಫೇಲಾದ ಬೋರಿಗೆ ಪೈಪು."

ತಿಪ್ಪೇರುದ್ರಮ್ಮ ಕೈ ತೊಳೆಯುವುದನ್ನು ನಿಲ್ಲಿಸಿದಳು. "ಬೋರೊಳಗೆ ಬಿಟ್ಟದ್ದು ಎಲ್ಲಿಗೆ ಹೋಗುತ್ತೆ ಸೂರಮ್ಮ?"

"ಪಾತಾಳಕ್ಕೆ."

"ಈ ಬೋರಿಂಗ್ ನೀರು ಎಲ್ಲಿಂದ ಬರುತ್ತೆ?"

"ಅದೂ ಪಾತಾಳದಿಂದ್ಲೇ." ಹೇಳಿಬಿಟ್ಟು ಸೂರಮ್ಮ ಹಿಡಿಕೆ ಒತ್ತಿದಳು. ಮತ್ತೆ ಅಂದಳು: "ಆದ್ರೆ ನಮ್ಮ ಬೋರಲ್ಲಿ ನೀರೇ ಇಲ್ವಲ್ಲ. ಒಣಗಿದ್ದಕ್ಕೂ ನೀರಿರೋದಕ್ಕೂ ಎಲ್ಲಿಯ ನಂಟು?"

"ನೆಲದೊಳಗೆ ಕಲ್ಲು ಬಿರುಕು ಬಿಟ್ಟಿರುತ್ತೆ. ಯಾವ ಬಿರುಕು ಎಲ್ಲಿಗೆ ಕೂಡಿರುತ್ತೋ ನಾನೂ ಇಳಿದು ನೋಡಿಲ್ಲ, ನಿಮ್ಮ ಗಂಗರಾಜೂ ನೋಡಿಲ್ಲ."

ಹುಚ್ಚಕ್ಕನಿಗೆ ಸಿಟ್ಟು ಬಂತು. "ಏನಮ್ಮ ನರ್ಸಮ್ಮ, ನಮ್ಮ ಬೋರಿಂಗಿಗೆ ಹೆಸರಿಡ್ತೀಯಾ? ಹಾಲು ಕೊಟ್ಟ ಬೋರಿಂಗ್ ಕಣಮ್ಮ ಇದು."

"ಹಾಲೇ?"

"ಹೂಂ. ಹಿಡಿ ಒತ್ತಿದ್ರೆ ಬೆಳ್ಳಗೆ, ನೊರೆ ನೊರೆಯಾಗಿ. ಮಾರವ್ವ ಕಣ್ಣು ಬಿಟ್ಟಳು ಅಂತ ನಾನೇ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದೆ. ಓಣಿಯೆಲ್ಲ ತೀರ್ಥ ತಗೊಂಡ್ವಿ. ಬೇಕಾದ್ರೆ ಇವಳನ್ನೇ ಕೇಳು."

"ಯಾವಾಗ ಇದು?"

"ಇವಳ ಹಿತ್ತಲಲ್ಲಿ ಬೋರು ಕೊರೆಯೋ ರಿಗ್ಗು ಲಾರಿ ನಿಂತಿತ್ತಲ್ಲ, ಅವತ್ತೇ. ಆ ಸದ್ದಲ್ಲಿ ನಾವು ಹಾಡು ಹೇಳಿದ್ದೂ ಯಾರಿಗೂ ಕೇಳಿಸ್ಲಿಲ್ಲ."

ಸೂರಮ್ಮನ ಕೈ ಹಿಡಿಕೆಯ ಮೇಲೇ ನಿಂತಿತು.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ರಿಗ್ಗು ನೆಲದೊಳಗೆ ಗಾಳಿ ಬಿಟ್ಟು ಕೊರೆಯುತ್ತಿತ್ತು. ಮೊದಲು ಧೂಳು ಎದ್ದಿತ್ತು. ಧೂಳು ಅಡಗಲಿ ಅಂತ ರಿಗ್ಗಿನವರು ತಮ್ಮ ಟ್ಯಾಂಕಿನ ನೀರು ಬಿಟ್ಟಾಗ ಹಿತ್ತಲ ತುಂಬ ಬೆಳ್ಳನೆಯ ಕಲ್ಲಿನ ಕೆಸರು ಹರಿದಿತ್ತು. ಅದೇ ಹೊತ್ತಿಗೆ ಓಣಿಯಲ್ಲಿ ಕೂಗು ಎದ್ದಿತ್ತು, ಬೋರಿಂಗಿನಲ್ಲಿ ಹಾಲು ಬರುತ್ತಿದೆ ಅಂತ. ಅವಳೂ ಓಡಿಹೋಗಿ ಒಂದು ಚೊಂಬು ತುಂಬಿಸಿ ದೇವರ ಗೂಡಿನಲ್ಲಿ ಇಟ್ಟಿದ್ದಳು. ಬೆಳಿಗ್ಗೆ ನೋಡಿದರೆ ಮೇಲೆ ತಿಳಿನೀರು, ತಳದಲ್ಲಿ ಬೂದಿಯಂಥ ಪುಡಿ. ಆ ಪುಡಿಯಲ್ಲೇ ಚೊಂಬನ್ನು ತಿಕ್ಕಿ ತೊಳೆದಿದ್ದಳು. ಚೊಂಬು ಫಳಫಳ ಅಂದಿತ್ತು.

"ಇಲ್ಲಿ ಬಂದದ್ದು ನಮ್ಮ ಹಿತ್ತಲ ಕೆಸರು" ಅಂದಳು ಸೂರಮ್ಮ, ಮೆಲ್ಲಗೆ. "ಅಲ್ಲಿ ಊದಿದ್ದು ಇಲ್ಲಿ ಬಂತು."

"ಹಂಗಾದ್ರೆ ನಾನು ಕುಡಿದ ತೀರ್ಥ?" ಹುಚ್ಚಕ್ಕ ಕೇಳಿದಳು.

"ಕಲ್ಲಿನ ಹಿಟ್ಟು ಹುಚ್ಚಕ್ಕ."

ಹುಚ್ಚಕ್ಕ ಸೊಂಟ ನೆಟ್ಟಗೆ ಮಾಡಿಕೊಂಡಳು. "ಅದಕ್ಕೇ ಇನ್ನೂ ಗಟ್ಟಿಯಾಗಿದೀನಿ" ಅಂದಳು.

ನರ್ಸಮ್ಮ ನಗಲಿಲ್ಲ. "ಕಲ್ಲಿನ ಹಿಟ್ಟು ಬಂದ ದಾರೀಲೇ ಹೊಲಸೂ ಬರುತ್ತೆ. ಅದು ಬೆಳ್ಳಗಿರಲ್ಲ, ಕಣ್ಣಿಗೆ ಕಾಣಲ್ಲ. ಮೇಲಿನ ಮಣ್ಣಲ್ಲಿ ಇಂಗಿದ್ರೆ ಮಣ್ಣು ಸೋಸುತ್ತೆ. ಬೋರೊಳಗೆ ಬಿಟ್ಟರೆ ಸೋಸೋಕೆ ಮಣ್ಣೇ ಸಿಗಲ್ಲ, ನೇರ ನೀರಿಗೇ. ಭೇದಿ, ಟೈಫಾಯ್ಡು, ಕಾಮಾಲೆ ಎಲ್ಲ ಇಂಥ ನೀರಿಂದಲೇ ಬರೋದು. ನೀರಿಂದ ಬರೋ ಕಾಮಾಲೆ ಬೇರೆಯವರಿಗೆ ಹಾಸಿಗೆ ಹಿಡಿಸುತ್ತೆ. ಬಸುರಿಯರಿಗೆ ಜೀವಕ್ಕೇ ಬರಬಹುದು."

ಬೇರೆ ಏನೂ ಹೇಳುವ ಅಗತ್ಯವಿರಲಿಲ್ಲ. ಸೂರಮ್ಮ ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ಬಂದಳು.

ದೊಡ್ಡಪಾಲಯ್ಯ ನಂಬಲಿಲ್ಲ. "ಹುಚ್ಚಕ್ಕನ ಹಾಲಿನ ಕಥೆ ಕೇಳ್ಕೊಂಡು ಅಕ್ಕನ ಮಗನ ಹತ್ರ ನಿಷ್ಠುರ ಮಾಡ್ಕೊಳ್ಳೋದಾ? ಅವನು ಎಷ್ಟು ಕಡೆ ಮಾಡಿದಾನೆ. ಯಾರಿಗೇನಾಯ್ತು?"

"ಯಾರಿಗೇನಾಯ್ತು ಅಂತ ಅವನು ಹೋಗಿ ಕೇಳಿದಾನಾ?"

"ನೀನು ಎಲ್ಲರನ್ನೂ ಅನುಮಾನದಲ್ಲೇ ನೋಡ್ತೀಯ. ಮೊನ್ನೆ ಜಂಬುಲಿಂಗಪ್ಪ ಕಳ್ಳ. ಇವತ್ತು ನಮ್ಮ ಹುಡುಗ."

ಅದು ನಿಜವಾಗಿತ್ತು. ಪ್ರಶ್ನೆ ಕೇಳಿದವನನ್ನು ಸೂರಮ್ಮ ಕಳ್ಳ ಅಂದಿದ್ದಳು. ಏನನ್ನೂ ಕೇಳದವನನ್ನು ನಂಬಿದ್ದಳು.

ಬೆಳಿಗ್ಗೆ ಗಂಗರಾಜುವಿನ ಆಳುಗಳು ಬಂದರು. ಪಾಯಿಖಾನೆಯ ಗೋಡೆಯಿಂದ ಕಾಲುವೆ ತೋಡುತ್ತ ಬಂದು ಚಪ್ಪಡಿಯ ಹತ್ತಿರ ನಿಂತರು. ಚಪ್ಪಡಿಯ ಮೇಲೆ ಸೂರಮ್ಮ ಕೂತಿದ್ದಳು. ಪಕ್ಕದಲ್ಲಿ ಒಂದು ಚೊಂಬು ನೀರು.

"ಏಳಿ ಅತ್ತೆ, ಬಿಸಿಲು" ಅಂದ ಗಂಗರಾಜು.

"ಕೂತ್ಕೋ ಬಾ. ಬಾಯಾರಿರ್ತೀಯ, ನೀರು ಕುಡಿ."

"ಬಾಟ್ಲಿ ಐತೆ ಅತ್ತೆ."

"ಬಾಟ್ಲೀದು ಇರ್ಲಿ. ಇದು ಬೋರಿಂಗಿಂದು, ಇವತ್ತಿಗಿನ್ನೂ ಚೆನ್ನಾಗೈತೆ. ಪೈಪು ಕೂಡಿಸಿದ ಮೇಲೆ ಬಂದು ಇದೇ ಚೊಂಬಲ್ಲಿ ಕುಡೀತೀಯಾ, ಹೇಳು."

ಗಂಗರಾಜು ನಕ್ಕು ಮಾವನ ಕಡೆ ನೋಡಿದ. "ಏನ್ ಮಾವ ಇದು, ಅತ್ತೆ ಪಂಚಾಯ್ತಿ ಸೇರಿಸ್ಯಾರೆ?"

ದೊಡ್ಡಪಾಲಯ್ಯ ಹೆಂಡತಿಯನ್ನು ಎಬ್ಬಿಸಲೆಂದೇ ಬಂದಿದ್ದ. ಆದರೆ ಗಂಗರಾಜುವಿನ ಕೈ ಚೊಂಬಿನ ಕಡೆ ಹೋಗದೆ ಇದ್ದದ್ದನ್ನು ಕಂಡು ನಿಂತ. "ಒಂದು ಗುಟುಕು ಕುಡಿಯೋ ಲೇ, ಅವಳ ಸಮಾಧಾನಕ್ಕೆ."

"ಅಭ್ಯಾಸ ಇಲ್ಲ ಮಾವ."

"ಈ ಓಣೀಲಿ ಆಡಿ ಬೆಳೆದವನು ನೀನು. ಬೇಸಿಗೆ ರಜಾ ಪೂರ್ತಿ ಈ ಬೋರಿಂಗಿಗೆ ಬಾಯಿ ಹಚ್ಚಿ ಕುಡೀತಿದ್ದೆ. ಯಾವಾಗ ತಪ್ಪಿತು ಅಭ್ಯಾಸ?"

ಗಂಗರಾಜು ಬೇಸರದಲ್ಲಿ ತಲೆ ಕೆರೆದುಕೊಂಡ. "ನಾನು ಕೆಲಸ ಮಾಡೋ ಕಡೆ ಹೆಂಗೆ ಕುಡಿಯೋಕಾಗುತ್ತೆ ಮಾವ? ಬೀದಿಗೆ ಬೀದಿಯೇ ಬೋರಿಗೆ ಪೈಪು ಬಿಟ್ಕೊಂಡೈತೆ."

ಹೇಳಿದ ಮೇಲೆ ತಾನು ಏನಂದೆ ಅನ್ನುವುದು ಅವನಿಗೇ ಕೇಳಿಸಿತು. ಆಳುಗಳು ಗುದ್ದಲಿ ಊರಿಕೊಂಡು ನಿಂತರು.

"ಬಿಟ್ಟವನು ಯಾರು?" ದೊಡ್ಡಪಾಲಯ್ಯ ಕೇಳಿದ.

"ಜನ ಬೇಗ ಆಗ್ಲಿ ಅಂತಾರೆ ಮಾವ, ನಾನು ಬೇಗ ಮಾಡ್ಕೊಡ್ತೀನಿ. ಬೇರೆ ಏನಾದ್ರೂ ಹೇಳಿದ್ರೆ ಇನ್ನೊಬ್ಬನ್ನ ಕರೀತಾರೆ. ನೀವೂ ಅದನ್ನೇ ಕೇಳಿದ್ರಲ್ಲ."

"ಹೌದು, ಕೇಳಿದ್ವಿ" ಅಂದ ದೊಡ್ಡಪಾಲಯ್ಯ. "ಆಳುಗಳಿಗೆ ಊಟ ಹಾಕ್ತೀನಿ. ಕಾಲುವೆ ಮುಚ್ಚಿಸು" ಅಂದ.

ಗಂಗರಾಜು ಊಟಕ್ಕೆ ನಿಲ್ಲಲಿಲ್ಲ.

ಜಂಬುಲಿಂಗಪ್ಪನನ್ನು ಮತ್ತೆ ಕರೆಸಿದರು. ಸೂರಮ್ಮನ ಅನುಮಾನ ಹಾಗೆಲ್ಲ ಒಬ್ಬನ ಮೇಲಿಂದ ಇಳಿದು ಹೋಗುವಂಥದ್ದಲ್ಲ. ಅವನು ಹಿತ್ತಲಿಗೆ ಬಂದ ಕೂಡಲೇ ಅವಳು ಬೇಕೆಂದೇ ಅಂದಳು: "ಟ್ಯಾಂಕು ಗೀಂಕು ಬೇಡ ಬಿಡಿ. ಈ ಬೋರಿಗೇ ಪೈಪು ಬಿಟ್ಟುಬಿಡಿ. ಕೆಲಸ ಬೇಗ ಆಗ್ತೈತೆ."

ಅವನು ಹಾರೆಯನ್ನು ಮತ್ತೆ ಮೊಪೆಡ್ಡಿಗೆ ಕಟ್ಟತೊಡಗಿದ. "ಅದಕ್ಕೆ ನಾನ್ಯಾಕೆ ಬೇಕಿತ್ತಮ್ಮಾ? ಬಿಸಿಲಲ್ಲಿ ಇಷ್ಟು ದೂರ ಕರೆಸ್ತಾರಾ?"

"ಬಿಚ್ರಿ, ಬಿಚ್ರಿ. ಕೇಳಿ ನೋಡ್ದೆ ಅಷ್ಟೆ."

"ನೀವು ಕೇಳಿದ್ರೆ ಸರಿ. ನಾನು ಕೇಳಿದ್ರೆ ಕಳ್ಳ." ನರ್ಸಮ್ಮ ಎಲ್ಲವನ್ನೂ ಅವನಿಗೆ ಹೇಳಿಬಿಟ್ಟಿದ್ದಳು. ಸೂರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋಗಿ ಮಜ್ಜಿಗೆ ತಂದಳು. ಆಮೇಲೆ ಅವನ ಒಂದೊಂದು ಪ್ರಶ್ನೆಯ ಕಾರಣವನ್ನೂ ಕೇಳಿ ತಿಳಿದುಕೊಂಡಳು. ಜನ ಎಷ್ಟೋ ಟ್ಯಾಂಕಿನ ಅಳತೆ ಅಷ್ಟು. ಕೆಲವು ವರ್ಷಕ್ಕೊಮ್ಮೆ ಟ್ಯಾಂಕು ಖಾಲಿ ಮಾಡಿಸಲು ಮಷೀನು ಗಾಡಿ ಬರಬೇಕು, ಅದಕ್ಕೇ ಗೇಟು. ಗಾಡಿ ಬರಲಾಗದ ಕಡೆ ಟ್ಯಾಂಕು ಕಟ್ಟಿದರೆ ಕೊನೆಗೆ ಯಾರಾದರೊಬ್ಬ ಬಡವನನ್ನು ಒಳಗೆ ಇಳಿಸುತ್ತಾರೆ. ಒಳಗಿನ ವಿಷಗಾಳಿಗೆ ಇಳಿದವನು ಮೇಲೆ ಬರುವುದಿಲ್ಲ.

ಕೆಲಸ ನಡೆದಷ್ಟು ದಿನವೂ ಸೂರಮ್ಮ ಗೋಡೆಯ ನೆರಳಲ್ಲಿ ಕೂತು ನೋಡಿದಳು. ಗುಂಡಿ ಮನೆಯ ಪಾಯಕ್ಕೆ ದೂರ ಇದೆಯೇ ನೋಡಿದಳು. ಆಳುಗಳು ಸಂಜೆ ಹೋಗುವಾಗ ಗುಂಡಿಯ ಸುತ್ತ ಮುಳ್ಳು ಹಾಕಿಸಿದಳು, ದನ ಕರು ಮಕ್ಕಳು ಬೀಳದ ಹಾಗೆ. ಟ್ಯಾಂಕಿನ ತಳಕ್ಕೂ ಗಾರೆ ಮಾಡುತ್ತಾರೋ ಇಲ್ಲವೋ ಅಂತ ಬಗ್ಗಿ ನೋಡಿದಳು. ತಳಕ್ಕೆ ಗಾರೆ ಮಾಡದೆ ಬಿಟ್ಟು, ಬೇಗ ತುಂಬುವುದಿಲ್ಲ ಅಂತ ಹೊಗಳಿಕೊಳ್ಳುವವರೂ ಇದ್ದಾರೆ ಅಂತ ನರ್ಸಮ್ಮ ಹೇಳಿದ್ದಳು. ಗಾರೆ ಒಣಗಿದ ಮೇಲೆ ಟ್ಯಾಂಕಿಗೆ ನೀರು ತುಂಬಿಸಿ, ನೀರಿನ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆದು, ಮೇಲೆ ತಗಡು ಮುಚ್ಚಿಸಿದಳು.

"ನನ್ನ ಮೇಲೆ ಇನ್ನೂ ನಂಬಿಕೆ ಇಲ್ವಾ ಅಮ್ಮಾ?" ಜಂಬುಲಿಂಗಪ್ಪ ಕೇಳಿದ.

"ನೀರು ಗೆರೆ ಬಿಟ್ಟು ಇಳೀದಿದ್ರೆ ನಾಳೆ ಬರ್ತೈತೆ."

ಮರುದಿನ ನೀರು ಗೆರೆಯ ಮೇಲೇ ಇತ್ತು. ಅವನು ಅವತ್ತು ಮೊದಲ ಸಲ ನಕ್ಕ.

ಟ್ಯಾಂಕಿನಿಂದ ಹೊರಬರುವ ನೀರಿಗೆ ಬೋರಿಂಗಿಗೆ ಇನ್ನೂ ದೂರದಲ್ಲಿ, ಇಳಿಜಾರಿನ ಕಡೆ, ಇಂಗುಗುಂಡಿಯಾಯಿತು. ಟ್ಯಾಂಕಿಗೆ ಗಾಳಿ ಪೈಪು ಎದ್ದು ನಿಂತಿತು. ಫೇಲಾದ ಬೋರಿಗೆ ಜೇಡಿಮಣ್ಣು ತುಂಬಿ ಬಾಯಿಗೆ ಕಾಂಕ್ರೀಟು ಹಾಕಿದರು.

ಕೆಲಸ ಮುಗಿಯುವ ಮೊದಲೇ ಮಾಲಾ ಬಂದಳು. ಮುಗಿಯುವವರೆಗೆ ಅವಳು ನರ್ಸಮ್ಮನ ಕ್ವಾರ್ಟರ್ಸಿಗೆ ಹೋಗಿ ಬರುತ್ತಿದ್ದಳು. ಬೆಳಿಗ್ಗೆ ತಾಯಿ ಮಗಳು ಟಾರ್ಚು ಹಿಡಿದು ನಡೆಯುವಾಗ ಮಾಲಾ ಗೊಣಗಿದಳು, "ಗಂಗರಾಜು ಭಾವ ಎರಡೇ ದಿನದಲ್ಲಿ ಮಾಡ್ತಿದ್ನಂತೆ."

"ಮಾಡ್ತಿದ್ದ" ಅಂದಳು ಸೂರಮ್ಮ. "ಕಾಲು ನೋಡ್ಕೊಂಡು ನಡಿ."

ಹೆಣ್ಣು ಮಗು ಹುಟ್ಟಿತು. ತೊಟ್ಟಿಲು ಹಾಕುವ ದಿನ ಗಂಗರಾಜು ಬಂದ. ಮನೆಯ ಕಟ್ಟೆಯ ಮೇಲೆ ಕೂತ. ಬಾಟ್ಲಿ ಕಾರಿನಲ್ಲೇ ಇತ್ತು. ಸೂರಮ್ಮ ಬೋರಿಂಗಿನ ನೀರು ತಂದು ಮುಂದಿಟ್ಟು, ಸರಿದು ಹೋಗದೆ ಅಲ್ಲೇ ನಿಂತಳು. ಅವನು ಒಂದು ಗಳಿಗೆ ಚೊಂಬಿನೊಳಗೆ ನೋಡಿದ. ಆಮೇಲೆ ಎತ್ತಿ, ಕೆಳಗಿಡದೆ ಪೂರ್ತಿ ಕುಡಿದ.

"ಇನ್ನೂ ಬೇಕೇನಪ್ಪ?" ಅಂದಳು ಸೂರಮ್ಮ.

"ಕೊಡಿ ಅತ್ತೆ" ಅಂದ.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಪಾಯಿಖಾನೆ ಕಟ್ಟಿಸಿ. ಗುಂಡಿ ತೋಡುವವನು ಬಂದಾಗ ಅನುಮಾನದಿಂದಲೇ ನೋಡಿ, ಅವನು ನೆಂಟನಾದರೂ ಸರಿ. ಅವನು ನಿಮ್ಮ ಕುಡಿಯುವ ನೀರು ಎಲ್ಲಿದೆ ಅಂತ ಕೇಳುತ್ತಾನೆಯೇ ಗಮನಿಸಿ. ಕೇಳದಿದ್ದರೆ ನೀವೇ ಅವನನ್ನು ಕೇಳಿ, ಈ ಹೊಲಸು ಎಲ್ಲಿಗೆ ಹೋಗುತ್ತದೆ ಅಂತ. ತಳಕ್ಕೆ ಗಾರೆ ಉಂಟೇ ನೋಡಿ, ನೀರು ತುಂಬಿಸಿ ಪರೀಕ್ಷಿಸಿ. ಟ್ಯಾಂಕು ಖಾಲಿ ಮಾಡಿಸಲು ಮಷೀನನ್ನೇ ಕರೆಸಿ, ಮನುಷ್ಯರನ್ನು ಇಳಿಸಬೇಡಿ. ಹಾಳು ಬಾವಿ, ಫೇಲಾದ ಬೋರು ನಿಮ್ಮ ಹಿತ್ತಲಲ್ಲೂ ಇರಬಹುದು. ಅದನ್ನು ಇವತ್ತೇ ಭದ್ರವಾಗಿ ಮುಚ್ಚಿಸಿ. ಅದಕ್ಕೆ ಪೈಪು ಬಿಡುತ್ತೇನೆ ಅನ್ನುವವನ ಮುಂದೆ ಒಂದು ಚೊಂಬು ನೀರಿಟ್ಟು, ನಾಳೆಯೂ ಬಂದು ಇದನ್ನೇ ಕುಡಿಯುತ್ತೀಯಾ ಅಂತ ಕೇಳಿ. ಅವನ ಉತ್ತರ ಬರುವವರೆಗೆ ಕೂತ ಜಾಗದಿಂದ ಏಳಬೇಡಿ.